ಸೆಲ್ಫ್ ಒತ್ತಿದರೆ ಟಕ್ ಟಕ್: ಬೈಕ್ ಬ್ಯಾಟರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಗೆಳೆಯನೊಬ್ಬನ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಹಳ ಸಂಜೆ ಕಳೆದವನು, ಅಷ್ಟೇ. ಅಲ್ಲಿ ಕೇಳಿದ್ದು, ಮದುವೆ ಮನೆಯಲ್ಲಿ ಕೇಳಿದ್ದು, ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿ ಕೇಳಿದ್ದು, ಪತ್ರದಲ್ಲಿ ಬಂದಿದ್ದು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ನನ್ನ ವಾದ ಒಂದೇ. ಇನ್ನೂರು ಮುನ್ನೂರು ರೂಪಾಯಿಯ ಮೀಟರ್ ಇಟ್ಟು ನೋಡದೆ ಸಾವಿರಗಟ್ಟಲೆ ಕೊಟ್ಟು ಬ್ಯಾಟರಿ ತರಬೇಡಿ.

## ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಾಗ

ಸೆಲ್ಫ್ ಒತ್ತಿದರೆ ಬರೀ ಟಕ ಟಕ ಟಕ ಅನ್ನುತ್ತೆ. ಬ್ಯಾಟರಿ ಹೋಯ್ತಾ?

ಡೌನ್ ಆಗಿರಬಹುದು. ಹೋಗಿದೆ ಅಂತ ಇನ್ನೂ ಹೇಳಲಾಗದು. ಎರಡೂ ಬೇರೆ ಬೇರೆ.

ಆ ಸದ್ದು ಮಾಡುವುದು ಸ್ಟಾರ್ಟರ್ ರಿಲೇ. ನೀವು ಗುಂಡಿ ಒತ್ತಿದಾಗ ಅದು ಒಳಗೊಂದು ಕಾಂಟ್ಯಾಕ್ಟನ್ನು ಎಳೆದು ಹಿಡಿದು, ಬ್ಯಾಟರಿಯ ದಪ್ಪ ವೈರನ್ನು ಮೋಟರಿಗೆ ಕೂಡಿಸುತ್ತದೆ. ಮೋಟರ್ ಕರೆಂಟ್ ಎಳೆದ ಕೂಡಲೇ ಸೊರಗಿದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ರಿಲೇಗೆ ಹಿಡಿದುಕೊಳ್ಳುವ ಶಕ್ತಿ ಸಾಲದೆ ಕೈಬಿಡುತ್ತದೆ. ಬಿಟ್ಟ ತಕ್ಷಣ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಅದೇ ಟಕ ಟಕ.

ಬ್ಯಾಟರಿ ತುಂಬಿದ್ದು ಟರ್ಮಿನಲ್ ಬೋಲ್ಟ್ ಸಡಿಲವಾಗಿದ್ದರೂ ಇದೇ ಸದ್ದು ಬರುತ್ತದೆ. ಹಾಗಾಗಿ ಮೊದಲ ಕೆಲಸ: ಕೀ ಆಫ್ ಮಾಡಿ, ಟರ್ಮಿನಲ್ಲನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಅಲುಗಿದರೆ ಬಿಗಿ ಮಾಡಿ. ಎಷ್ಟೋ ಸಲ ಅಲ್ಲಿಗೇ ಕಥೆ ಮುಗಿಯುತ್ತದೆ.

ಒಂದೇ ಸಲ "ಟಕ್" ಅಂದು ಸುಮ್ನಾಗುತ್ತೆ. ಇದೂ ಅದೇನಾ?

ಇದು ಬೇರೆ ಇರಬಹುದು. ರಿಲೇ ಹಿಡಿದುಕೊಂಡಿದೆ, ಬಿಡುತ್ತಿಲ್ಲ ಅಂದರೆ ಅದನ್ನು ಹಿಡಿದಿಡುವಷ್ಟು ವೋಲ್ಟೇಜ್ ಇದೆ. ಆದರೂ ಮೋಟರ್ ತಿರುಗುತ್ತಿಲ್ಲ. ಆಗ ಮೂವರ ಮೇಲೆ ಅನುಮಾನ ಪಡಬೇಕು: ರಿಲೇ ಒಳಗಿನ ಸುಟ್ಟ ಕಾಂಟ್ಯಾಕ್ಟ್, ಮೋಟರಿನ ಸವೆದ ಕಾರ್ಬನ್ ಬ್ರಷ್, ಕರೆಂಟನ್ನು ಬ್ಯಾಟರಿಯ ಮೈನಸ್ಸಿಗೆ ವಾಪಸ್ ತರುವ ಅರ್ಥ್ ವೈರ್ ಕೆಟ್ಟಿರುವುದು. ಸ್ಟಾರ್ಟರ್ ಮೋಟರಿನ ಹೊರಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಸೆಲ್ಫ್ ಒತ್ತಿ. ಆಗ ತಿರುಗಿದರೆ ಬ್ರಷ್ ಸವೆದಿದೆ ಅಂತಲೇ ಲೆಕ್ಕ.

ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ. ಲೈಟ್, ಇಂಡಿಕೇಟರ್ ಎಲ್ಲಾ ಬರುತ್ತೆ

ನಗಬೇಡಿ, ಮೊದಲು ಕೆಂಪು ಕಿಲ್ ಸ್ವಿಚ್ ನೋಡಿ. ಪಾರ್ಕಿಂಗಿನಲ್ಲಿ ಯಾರೋ ಮಕ್ಕಳು ಒತ್ತಿ ಹೋಗಿರುತ್ತಾರೆ. ನಾನೇ ಒಮ್ಮೆ ಹತ್ತು ನಿಮಿಷ ಸೀಟು ಬಿಚ್ಚಿ ಕೂತಿದ್ದೆ. ಆಮೇಲೆ ಸೈಡ್ ಸ್ಟ್ಯಾಂಡ್, ನ್ಯೂಟ್ರಲ್, ಕ್ಲಚ್. ಈಗಿನ ಹಲವು ಗಾಡಿಗಳಲ್ಲಿ ಕ್ಲಚ್ ಹಿಡಿಯದೆ, ಸ್ಕೂಟರಿನಲ್ಲಾದರೆ ಬ್ರೇಕ್ ಹಿಡಿಯದೆ ಸೆಲ್ಫ್ ಕೆಲಸ ಮಾಡದು. ಲಿವರ್ ಬುಡದ ಆ ಪುಟ್ಟ ಸ್ವಿಚ್ಚಿಗೆ ಮಳೆ ನೀರು, ಮಣ್ಣು ಸೇರಿ ಕೆಡುವುದು ಮಲೆನಾಡು, ಕರಾವಳಿಯಲ್ಲಿ ಮಾಮೂಲು.

ಇಂಜಿನ್ ಚೆನ್ನಾಗಿ ತಿರುಗುತ್ತೆ, ಆದರೆ ಹಿಡ್ಕೊಳ್ಳಲ್ಲ. ಬ್ಯಾಟರಿ ಬದಲಾಯಿಸಲಾ?

ಬೇಡ. ಜೋರಾಗಿ ತಿರುಗಿಸುತ್ತಿದೆ ಅಂದರೆ ಬ್ಯಾಟರಿ ತನ್ನ ಕೆಲಸ ಮಾಡುತ್ತಿದೆ. ಪೆಟ್ರೋಲ್, ಚೋಕ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಕಡೆ ಹೋಗಿ. ತಿರುಗುವುದು ನಿಧಾನ ಇದ್ದರೆ ಮಾತ್ರ ಮತ್ತೆ ಬ್ಯಾಟರಿಗೆ ಬನ್ನಿ.

ಹಾರ್ನ್ ಚೆನ್ನಾಗೇ ಹೊಡೆಯುತ್ತೆ. ಹಾಗಿದ್ದ ಮೇಲೆ ಬ್ಯಾಟರಿ ಸರಿ ಇದೆ ಅಂತಲೇ ಅಲ್ವಾ?

ಅಲ್ಲ. ಹಾರ್ನಿಗೆ ಎರಡು ಮೂರು ಆಂಪಿಯರ್ ಸಾಕು. ಸ್ಟಾರ್ಟರ್ ಮೋಟರಿಗೆ ಹತ್ತಾರು ಆಂಪಿಯರ್ ಒಟ್ಟಿಗೆ ಬೇಕು. ಟ್ಯಾಂಕಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ನಲ್ಲಿಯಲ್ಲಿ ಸಣ್ಣಗೆ ಬರುತ್ತದೆ. ಅದನ್ನು ನಂಬಿ ಬಟ್ಟೆ ಒಗೆಯಲು ಕೂರುವುದಕ್ಕೆ ಆಗುತ್ತಾ?

ಆದರೆ ಹಾರ್ನಿನಿಂದ ಒಂದು ಉಪಾಯ ಮಾಡಬಹುದು. ಹಾರ್ನ್ ಹಿಡಿದುಕೊಂಡೇ ಸೆಲ್ಫ್ ಒತ್ತಿ. ಹಾರ್ನಿನ ದನಿ ಬಿದ್ದುಹೋದರೆ ಬ್ಯಾಟರಿ ಸೊರಗಿದೆ ಅಥವಾ ಟರ್ಮಿನಲ್ ಸಡಿಲ. ದನಿ ಕುಗ್ಗದೆ ಹಾಗೇ ಇದ್ದರೆ ಕರೆಂಟ್ ಮೋಟರ್ ತನಕ ಹೋಗುತ್ತಲೇ ಇಲ್ಲ.

ಸೆಲ್ಫ್ ಎಷ್ಟು ಹೊತ್ತು ಒತ್ತಿ ಹಿಡಿಯಬಹುದು?

ಐದು ಸೆಕೆಂಡ್. ಆಮೇಲೆ ಹದಿನೈದು ಇಪ್ಪತ್ತು ಸೆಕೆಂಡ್ ಬಿಡಿ. ನಾಲ್ಕೈದು ಸಲಕ್ಕೂ ಆಗಲಿಲ್ಲವೆಂದರೆ ನಿಲ್ಲಿಸಿ ಯೋಚಿಸಿ. ಕಿಕ್ಕರ್ ಇದ್ದವರು ಚಳಿಗಾಲದ ಮೊದಲ ಸ್ಟಾರ್ಟ್ ಕಿಕ್ಕರಿನಲ್ಲೇ ಮಾಡಿದರೆ ಬ್ಯಾಟರಿಗೂ ಒಳ್ಳೆಯದು, ಮೊಣಕಾಲಿಗೂ ವ್ಯಾಯಾಮ.

ಡಿಸೆಂಬರ್ ಬಂತೆಂದರೆ ನಮ್ಮ ಮಡಿಕೇರಿಯಲ್ಲಿ ಗಾಡಿ ಏಳೋದೇ ಇಲ್ಲ. ಚಳಿಗೆ ಬ್ಯಾಟರಿ ಸಾಯುತ್ತಾ?

ಚಳಿಯಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಕೊಡುವವನಿಗೆ ಶಕ್ತಿ ಕಮ್ಮಿ, ಕೇಳುವವನಿಗೆ ಹಸಿವು ಜಾಸ್ತಿ. ಆದರೆ ನಮ್ಮ ಕಡೆಯ ಚಳಿ ಒಳ್ಳೆಯ ಬ್ಯಾಟರಿಯನ್ನು ಕೊಲ್ಲುವಂಥದ್ದಲ್ಲ. ಬ್ಯಾಟರಿಯ ಆಯಸ್ಸು ತಿನ್ನುವುದು ಬಿಸಿಲು. 10 ಡಿಗ್ರಿ ಬಿಸಿ ಜಾಸ್ತಿಯಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಹಳೆಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಒಳಗೊಳಗೇ ಸವೆದಿರುತ್ತದೆ; ಡಿಸೆಂಬರಿನ ಚಳಿ ಆ ಗುಟ್ಟನ್ನು ರಟ್ಟು ಮಾಡುತ್ತದೆ. ಕಲಬುರಗಿ, ರಾಯಚೂರಿನವರ ಬ್ಯಾಟರಿ ಮಡಿಕೇರಿಯವರದ್ದಕ್ಕಿಂತ ಬೇಗ ಹೋಗುವುದು ಇದೇ ಕಾರಣಕ್ಕೆ.

ಕಿಕ್ಕರ್ ಇಲ್ಲದ ಗಾಡಿ. ತಳ್ಳಿ ಸ್ಟಾರ್ಟ್ ಮಾಡಬಹುದಾ?

ಕಾರ್ಬುರೇಟರ್ ಗಾಡಿಯಾದರೆ ಬಹುತೇಕ ಆಗುತ್ತದೆ. ಕೀ ಆನ್ ಮಾಡಿ, ಎರಡನೇ ಗೇರ್ ಹಾಕಿ, ಕ್ಲಚ್ ಹಿಡಿದು ಓಡಿಸಿ, ವೇಗ ಬಂದ ಮೇಲೆ ಸೀಟಿನ ಮೇಲೆ ಭಾರ ಬಿಟ್ಟು ಕ್ಲಚ್ ಬಿಡಿ. ಒಂದನೇ ಗೇರಿನಲ್ಲಿ ಮಾಡಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತದೆ.

2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ನಮ್ಮ ಹೆಚ್ಚಿನ ಗಾಡಿಗಳು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ಇವುಗಳ ಪೆಟ್ರೋಲ್ ಪಂಪ್, ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಎರಡಕ್ಕೂ ಕರೆಂಟ್ ಬೇಕು. ಕೀ ಹಾಕಿದಾಗ ಟ್ಯಾಂಕಿನ ಒಳಗಿಂದ ಒಂದೆರಡು ಸೆಕೆಂಡ್ "ಜೀಂ" ಅನ್ನುವ ಸದ್ದು ಕೇಳಿದರೆ ತಳ್ಳಿ ನೋಡಿ, ಏಳಬಹುದು. ಆ ಸದ್ದೂ ಇಲ್ಲ, ಮೀಟರ್ ಕನ್ಸೋಲೂ ಕತ್ತಲೆ ಅಂದರೆ ಇಳಿಜಾರಿನಲ್ಲಿ ಎಷ್ಟು ತಳ್ಳಿದರೂ ಬೆವರೇ ಲಾಭ.

ಗೇರ್ ಇಲ್ಲದ ಸ್ಕೂಟರ್‌ಗಳನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದೇ ಇಲ್ಲ. ಇಂಜಿನ್ ತಿರುಗಿದ ಮೇಲೆ ಮಾತ್ರ ಹಿಡಿಯುವ ಕ್ಲಚ್ ಅದು. ಚಕ್ರ ತಿರುಗಿದರೆ ಇಂಜಿನ್ ತಿರುಗದು.

ಕಾರಿನಿಂದ ಜಂಪ್ ಕೊಟ್ಟರೆ ಇಸಿಯು ಸುಟ್ಟು ಹೋಗುತ್ತಂತೆ, ನಿಜವಾ?

ಕಾರಿನದ್ದೂ 12 ವೋಲ್ಟ್, ಬೈಕಿನದ್ದೂ 12 ವೋಲ್ಟ್. ಕಾರಿನ ಬ್ಯಾಟರಿ ದೊಡ್ಡದು ಅಂತ ಅದು ಬಲವಂತವಾಗಿ ಕರೆಂಟ್ ನುಗ್ಗಿಸುವುದಿಲ್ಲ. ಬೈಕಿನ ಮೋಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಅಪಾಯ ಇರುವುದು ಎರಡು ಕಡೆ. ಒಂದು, ಪ್ಲಸ್ ಮೈನಸ್ ಅದಲು ಬದಲಾಗುವುದು. ಇದರಿಂದ ಫ್ಯೂಸ್ ಹೋದರೆ ಪುಣ್ಯ, ಇಲ್ಲದಿದ್ದರೆ ಬ್ಯಾಟರಿಗೆ ಚಾರ್ಜ್ ಹೋಗುವ ದಾರಿಯ ರೆಕ್ಟಿಫೈಯರ್, ಇಸಿಯು ಹೋಗುತ್ತದೆ. ಎರಡು, ಕಾರಿನ ಇಂಜಿನ್ ಓಡುತ್ತಿರುವಾಗ ಜಂಪ್ ಕೊಡುವುದು. ಕಾರು ಆಫ್ ಇರಲಿ.

ಮೊದಲು ಕೆಂಪು ಕೇಬಲ್ ಬೈಕಿನ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಕಾರಿನ ಪ್ಲಸ್ಸಿಗೆ. ಕಪ್ಪು ಕೇಬಲ್ ಕಾರಿನ ಮೈನಸ್ಸಿಗೆ, ಕೊನೆಯ ತುದಿ ಬೈಕಿನ ಇಂಜಿನ್ ಮೇಲೆ ಪೇಂಟ್ ಇಲ್ಲದ ಲೋಹಕ್ಕೆ. ಸ್ಟಾರ್ಟ್ ಆದ ಮೇಲೆ ಉಲ್ಟಾ ಕ್ರಮದಲ್ಲಿ ತೆಗೆಯಿರಿ.

## ಮೀಟರ್ ಹಿಡಿದ ಮೇಲೆ

ಮಲ್ಟಿಮೀಟರ್ ತಗೊಂಡೆ. ಈಗ ಎಲ್ಲಿ ಇಡಬೇಕು, ಎಷ್ಟು ಬರಬೇಕು?

ಶಭಾಷ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರೇ ಸಾಕು. ನಾಬ್ ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಮೂರು ಸಲ ನೋಡಬೇಕು.

ಮೊದಲನೆಯದು ಗಾಡಿ ನಿಂತಾಗ. ರಾತ್ರಿಯೆಲ್ಲ ನಿಂತಿದ್ದ ಗಾಡಿಯಲ್ಲಿ, ಕೀ ಹಾಕದೆ ನೋಡಿ. 12.6ರಿಂದ 12.8 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬಹುಪಾಲು ಖಾಲಿ. 12 ವೋಲ್ಟಿನ ಬ್ಯಾಟರಿಯಲ್ಲಿ 12 ಬರುತ್ತಿದೆ, ಸರಿ ಇದೆ ಅಂದುಕೊಳ್ಳುವವರು ಬಹಳ. ಒಳಗೆ ತಲಾ 2.1 ವೋಲ್ಟಿನ ಆರು ಸೆಲ್ ಇರುತ್ತವೆ, ಕೂಡಿಸಿ ನೋಡಿ. ಓಡಿಸಿ ಬಂದ ತಕ್ಷಣ ಅಳೆದರೆ 13 ತೋರಿಸಿ ಮೋಸ ಮಾಡುತ್ತದೆ, ಅದಕ್ಕೇ ರಾತ್ರಿ ಕಳೆಯಲಿ ಎಂದಿದ್ದು.

ಎರಡನೆಯದು ಸೆಲ್ಫ್ ಒತ್ತುವಾಗ. ಕಡ್ಡಿಗಳನ್ನು ಹಾಗೇ ಹಿಡಿದುಕೊಂಡು ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. 10ರ ಮೇಲೇ ನಿಂತರೆ ಒಳ್ಳೆಯದು. 9.6ಕ್ಕಿಂತ ಕೆಳಗೆ ಬಿದ್ದರೆ, ಅದೂ ನಿಂತಾಗ 12.6 ತೋರಿಸಿದ್ದ ಬ್ಯಾಟರಿ ಬಿದ್ದರೆ, ಅದಕ್ಕೆ ಆಯಸ್ಸು ಮುಗಿದಿದೆ.

ಮೂರನೆಯದು ಇಂಜಿನ್ ಓಡುವಾಗ. ಆಕ್ಸಿಲರೇಟರ್ ಕೊಟ್ಟು 4000–5000 ಆರ್‌ಪಿಎಂ ಸುಮಾರಿಗೆ ಹಿಡಿಯಿರಿ. 13.5ರಿಂದ 14.8ರ ಒಳಗೆ ಇರಬೇಕು. 13 ದಾಟದಿದ್ದರೆ ಗಾಡಿ ಬ್ಯಾಟರಿಗೆ ಊಟ ಹಾಕುತ್ತಿಲ್ಲ. 15 ದಾಟಿದರೆ ಹೊಟ್ಟೆ ಒಡೆಯುವಷ್ಟು ತಿನ್ನಿಸುತ್ತಿದೆ.

ನಮ್ಮ ಎದುರು ಮನೆಯವರು ಎರಡು ವರ್ಷದಲ್ಲಿ ಮೂರು ಬ್ಯಾಟರಿ ಹಾಕಿಸಿದ್ದರು. ಮೂರನೇ ಅಳತೆಯಲ್ಲಿ 12.3 ಬಂತು, ಆಕ್ಸಿಲರೇಟರ್ ಎಷ್ಟು ಕೊಟ್ಟರೂ ಅಷ್ಟೇ. ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನ ವೈರ್ ಕೂಡಿಸುವ ಕಪ್ಲರ್ ಸುಟ್ಟು ಕಪ್ಪಾಗಿತ್ತು. ಪಾಪ, ಮೂರು ಬ್ಯಾಟರಿಗಳೂ ನಿರಪರಾಧಿಗಳು.

ಆಗಾಗ ಬಲ್ಬ್ ಸುಡುತ್ತೆ, ಬ್ಯಾಟರಿ ಸೈಡು ಉಬ್ಬಿದೆ. ಏನಿದು?

ಮೇಲೆ ಹೇಳಿದ ಮೂರನೇ ಅಳತೆ ಮಾಡಿ, 15 ದಾಟಿರುತ್ತದೆ. ಅಂಗಡಿಯಲ್ಲಿ "ಆರ್‌ಆರ್ ಯುನಿಟ್" ಅನ್ನುತ್ತಾರಲ್ಲ, ಆ ರೆಗ್ಯುಲೇಟರ್ ರೆಕ್ಟಿಫೈಯರ್ ಕೆಟ್ಟಿದೆ. ಕಾಯಿಲಿನಿಂದ ಬರುವ ಎಸಿಯನ್ನು ಡಿಸಿ ಮಾಡಿ, ಹೆಚ್ಚಾದದ್ದನ್ನು ತಡೆಯುವುದು ಅದರ ಕೆಲಸ. ಉಬ್ಬಿದ ಬ್ಯಾಟರಿ ಉಳಿಯದು. ಆರ್‌ಆರ್ ಬದಲಾಯಿಸದೆ ಹೊಸ ಬ್ಯಾಟರಿ ಕೂರಿಸಿದರೆ ಅದೂ ಉಬ್ಬುತ್ತದೆ.

ದಿನಾ ಓಡಿಸ್ತೀನಿ ಸಾರ್, ಆದರೂ ಡೌನ್ ಆಗುತ್ತೆ. ಓಡಿದರೆ ಚಾರ್ಜ್ ಆಗಲ್ವಾ?

ಎಷ್ಟು ಓಡಿಸುತ್ತೀರಿ ಅನ್ನುವುದಕ್ಕಿಂತ ಹೇಗೆ ಓಡಿಸುತ್ತೀರಿ ಅನ್ನುವುದು ಮುಖ್ಯ. ಹಾಲಿನ ಬೂತಿಗೆ ಹೋಗಿ ಬರುವುದು, ಮಗುವನ್ನು ಶಾಲೆಗೆ ಬಿಡುವುದು, ಒಂದೊಂದಕ್ಕೂ ಒಂದು ಸೆಲ್ಫ್. ಸೆಲ್ಫ್ ಎಳೆದುಕೊಂಡಿದ್ದು ವಾಪಸ್ ತುಂಬುವ ಮೊದಲೇ ಗಾಡಿ ನಿಂತಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ಐಡಲ್‌ನಲ್ಲಿ ನಿಂತರೆ ಚಾರ್ಜ್ ತುಂಬಾ ಕಮ್ಮಿ. ಬ್ರೇಕ್ ಲೈಟ್, ಇಂಡಿಕೇಟರ್, ಹೆಡ್‌ಲೈಟ್ ಮಾತ್ರ ತಿನ್ನುತ್ತಲೇ ಇರುತ್ತವೆ. ವಾರಕ್ಕೊಮ್ಮೆ ನೈಸ್ ರೋಡೋ ಊರಾಚೆಯ ರಸ್ತೆಯೋ ಹಿಡಿದು ಮುಕ್ಕಾಲು ಗಂಟೆ ಒಂದೇ ಸಮ ಓಡಿಸಿ ಬನ್ನಿ. ಮನೆಯಲ್ಲಿ ಕೇಳಿದರೆ ಬ್ಯಾಟರಿಗೋಸ್ಕರ ಅನ್ನಿ.

ಹೊಸ ಗಾಡಿಗೆ ಹೆಡ್‌ಲೈಟ್ ಸ್ವಿಚ್ಚೇ ಇಲ್ಲ. ಹಗಲೂ ಉರಿದರೆ ಬ್ಯಾಟರಿ ತಿನ್ನಲ್ವಾ?

2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಹಗಲೂ ಹೆಡ್‌ಲೈಟ್ ಉರಿಯುವುದು ಕಡ್ಡಾಯ. ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಸ್ಟಾರ್ಟ್ ಆದ ಮೇಲೇ ಅದು ಹತ್ತುತ್ತದೆ, ಹಾಗಾಗಿ ಚಿಂತೆ ಬೇಡ. ಕೀ ಹಾಕಿದ ಕೂಡಲೇ ಹತ್ತುವ ಗಾಡಿಯಾದರೆ ಕೀ ಆನ್ ಮಾಡಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಲ್ಲಬೇಡಿ. 35 ವಾಟಿನ ಬಲ್ಬ್ ಸುಮಾರು 3 ಆಂಪಿಯರ್ ಎಳೆಯುತ್ತದೆ. 3 ಎಎಚ್ (ಆಂಪಿಯರ್ ಅವರ್, ಅಂದರೆ 3 ಆಂಪಿಯರನ್ನು ಒಂದು ಗಂಟೆ ಕೊಡುವಷ್ಟು) ಬ್ಯಾಟರಿಯನ್ನು ಅದೊಂದೇ ಒಂದು ಗಂಟೆಯೊಳಗೆ ಮಲಗಿಸಿಬಿಡುತ್ತದೆ.

ಕೀ ತೆಗೆದಿಟ್ಟರೂ ವಾರದಲ್ಲಿ ಬ್ಯಾಟರಿ ಖಾಲಿ. ಯಾರು ಕದೀತಾರೆ?

ಕದಿಯುವವರನ್ನು ನೀವೇ ಕೂರಿಸಿರುತ್ತೀರಿ. ಜಿಪಿಎಸ್ ಟ್ರ್ಯಾಕರ್, ರಿಮೋಟ್ ಅಲಾರಂ, ನೇರವಾಗಿ ಬ್ಯಾಟರಿಗೆ ಸಿಕ್ಕಿಸಿದ ಮೊಬೈಲ್ ಚಾರ್ಜರ್.

ಲೆಕ್ಕ ಸುಲಭ. ಒಂದು ಟ್ರ್ಯಾಕರ್ 20 ಮಿಲಿಆಂಪಿಯರ್ ತಿನ್ನುತ್ತದೆ ಅಂದುಕೊಳ್ಳಿ. ದಿನಕ್ಕೆ 24 ಗಂಟೆ, ಅಂದರೆ 0.48 ಎಎಚ್. 3 ಎಎಚ್ ಬ್ಯಾಟರಿ ಆರೇ ದಿನಕ್ಕೆ ಪೂರ್ತಿ ಖಾಲಿ. ಸೆಲ್ಫ್ ಹೊಡೆಯದಂತಾಗಲು ಮೂರು ದಿನ ಸಾಕು. ಗಾಡಿಯ ಗಡಿಯಾರ, ಇಸಿಯು ತಿನ್ನುವುದು ಸಾಮಾನ್ಯವಾಗಿ ಒಂದೆರಡು ಮಿಲಿಆಂಪಿಯರ್ ಮಾತ್ರ.

ಹಿಡಿಯುವುದು ಹೇಗೆ? ಕೀ ಆಫ್ ಮಾಡಿ ಮೈನಸ್ ವೈರ್ ಬಿಚ್ಚಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಹಾಕಿ, ನಾಬನ್ನೂ ಅಲ್ಲಿಗೇ ತಿರುಗಿಸಿ. ಒಂದು ಕಡ್ಡಿ ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಬಂದ ಸಂಖ್ಯೆ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆದು ನೋಡುತ್ತಾ ಹೋಗಿ. ಯಾವುದನ್ನು ತೆಗೆದಾಗ ಸಂಖ್ಯೆ ಇಳಿಯಿತೋ ಕಳ್ಳ ಆ ದಾರಿಯಲ್ಲಿದ್ದಾನೆ. ಮೀಟರ್ ಹೀಗೆ ಸಿಕ್ಕಿಸಿರುವಾಗ ಮರೆತೂ ಸೆಲ್ಫ್ ಒತ್ತಬೇಡಿ. ಕೆಲಸ ಮುಗಿದ ಮೇಲೆ ಕಡ್ಡಿಯನ್ನು ವೋಲ್ಟಿನ ತೂತಿಗೆ ವಾಪಸ್ ಹಾಕಿ. ನನ್ನ ಮೊದಲ ಮೀಟರ್ ಸತ್ತಿದ್ದು ಈ ಮರೆವಿಗೇ.

## ಇಟ್ಟುಕೊಳ್ಳುವುದು, ತುಂಬುವುದು

ನಾನು ದುಬೈನಲ್ಲಿದ್ದೀನಿ. ಊರಿಗೆ ಬಂದಾಗಲೆಲ್ಲ ಮೊದಲ ಖರ್ಚು ಬ್ಯಾಟರಿಗೆ. ಏನು ಮಾಡಲಿ?

ನಮ್ಮ ಗಾಡಿಗಳ ಮಾಮೂಲು ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ತನ್ನಷ್ಟಕ್ಕೆ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಇದ್ದರೆ ಪ್ಲೇಟಿನ ಮೇಲಿನ ಲೆಡ್ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಕರಗುವುದಿಲ್ಲ. 2020ರ ಲಾಕ್‌ಡೌನ್ ಮುಗಿದಾಗ ಊರೂರಲ್ಲೂ ಬ್ಯಾಟರಿ ಅಂಗಡಿ ಮುಂದೆ ಜನ ನಿಂತಿದ್ದು ಇದಕ್ಕೇ.

ಹೊರಡುವ ದಿನ ಬ್ಯಾಟರಿ ಪೂರ್ತಿ ತುಂಬಿಸಿ, ಮೈನಸ್ ವೈರ್ ಬಿಚ್ಚಿಡಿ. ಮನೆಯಲ್ಲಿ ತಮ್ಮನೋ ಭಾವನೋ ಇದ್ದರೆ ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಲು ಹೇಳಿ. "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಪ್ಪಾ" ಅನ್ನುವುದು ಎಲ್ಲರೂ ಕೊಡುವ ಸಲಹೆ; ಅದು ಉಪಕಾರಕ್ಕಿಂತ ಅಪಕಾರ. ಸೆಲ್ಫ್ ತಿಂದಷ್ಟನ್ನು ಐದು ನಿಮಿಷದ ಐಡಲ್ ತುಂಬಿಕೊಡುವುದಿಲ್ಲ. ಸ್ಟಾರ್ಟ್ ಮಾಡಿದರೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಲಿ, ಇಲ್ಲ ಮುಟ್ಟದೇ ಇರಲಿ.

ಮನೆಯಲ್ಲಿ ಕಾರಿನ ಚಾರ್ಜರ್ ಇದೆ. ಬೈಕ್ ಬ್ಯಾಟರಿಗೆ ಹಾಕಬಹುದಾ?

ಲೆಡ್ ಆಸಿಡ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಟ್ಟು ನಿಧಾನಕ್ಕೆ ತುಂಬಿಸುವುದು ಕ್ರಮ. 3 ಎಎಚ್‌ಗೆ 0.3 ಆಂಪಿಯರ್, 8 ಎಎಚ್‌ಗೆ 0.8. ಕಾರಿನ ಚಾರ್ಜರ್ 5 ಆಂಪಿಯರ್ ಸುರಿಯುತ್ತದೆ. ಚಿಕ್ಕ ಬ್ಯಾಟರಿ ಬಿಸಿಯಾಗಿ ಒಳಗಿನ ನೀರು ಆವಿಯಾಗುತ್ತದೆ. ಅಂಗಡಿಗೆ ಕೊಟ್ಟರೂ ದೊಡ್ಡ ಲಾರಿ ಬ್ಯಾಟರಿಗಳ ಸಾಲಿನಲ್ಲಿ ಸೇರಿಸಬೇಡಿ ಅಂತ ಹೇಳಿ ಬನ್ನಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಅಡುಗೆಮನೆ, ದೇವರ ಮನೆ ದೀಪದ ಹತ್ತಿರ ಬೇಡ.

ಡಿಸ್ಟಿಲ್ಡ್ ವಾಟರ್ ಸಿಗಲಿಲ್ಲ. ಫಿಲ್ಟರ್ ನೀರು ಹಾಕಿದರೆ ಏನಾಗುತ್ತೆ?

ಬೋರ್‌ವೆಲ್ ನೀರಿನ ಪಾತ್ರೆ ತಳದಲ್ಲಿ ಬಿಳಿ ಕೂರುವುದನ್ನು ನೋಡಿದ್ದೀರಲ್ಲ. ಅದೇ ಲವಣ ಪ್ಲೇಟುಗಳನ್ನು ಹಾಳು ಮಾಡುತ್ತದೆ. ಮನೆಯ ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಪೆಟ್ರೋಲ್ ಬಂಕ್, ಮೆಡಿಕಲ್ ಶಾಪ್, ಬ್ಯಾಟರಿ ಅಂಗಡಿ ಎಲ್ಲಾದರೂ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಮೇಲಿನ ಗೆರೆ ದಾಟಬೇಡಿ. ಆಸಿಡ್ ಮಾತ್ರ ಹಾಕಲೇಬೇಡಿ. ಆವಿಯಾಗಿ ಹೋಗಿದ್ದು ನೀರು, ಆಸಿಡ್ ಒಳಗೇ ಇದೆ. ಸೀಲ್ ಆದ ಬ್ಯಾಟರಿಗಳಿಗೆ ಈ ಪ್ರಶ್ನೆಯೇ ಇಲ್ಲ, ಮುಚ್ಚಳ ಕೀಳುವ ಸಾಹಸ ಬೇಡ.

ಟರ್ಮಿನಲ್ ಮೇಲೆ ಹತ್ತಿ ಥರ ಬಿಳಿ, ಹಸಿರು ಪುಡಿ ಬರುತ್ತೆ. ಏನು ಹಚ್ಚಲಿ?

ಮೊದಲು ತೆಗೆಯಿರಿ, ಆಮೇಲೆ ಹಚ್ಚುವುದು. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ನೊರೆ ಬಂದರೆ ಆಸಿಡ್ ಸಾಯುತ್ತಿದೆ ಅಂತ. ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೋಲ್ಟ್ ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಮಾಡಿಕೊಂಡರೆ ಸಾಕು.

ಬ್ಯಾಟರಿ ಬಿಚ್ಚುವಾಗ ಯಾವುದು ಮೊದಲು?

ಮೈನಸ್ ಮೊದಲು. ಕೂರಿಸುವಾಗ ಮೈನಸ್ ಕೊನೆಗೆ. ಗಾಡಿಯ ಇಡೀ ಚಾಸಿಸ್ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ಕಬ್ಬಿಣಕ್ಕೆ ತಗುಲಿದರೆ ದೊಡ್ಡ ಕಿಡಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಟ್ಟು ಕೂರಿ.

## ಹೊಸದು ಕೊಳ್ಳುವಾಗ

ಹೊಸ ಬ್ಯಾಟರಿ ಆರೇ ತಿಂಗಳಿಗೆ ಹೋಯ್ತು. ಡೂಪ್ಲಿಕೇಟ್ ಕೊಟ್ಟರಾ?

ಅಸಲಿಯೇ ಇರಬಹುದು, ಹೆರಿಗೆ ಸರಿಯಾಗಿಲ್ಲ. ಕೆಲವು ಬ್ಯಾಟರಿಗಳು ಒಣಗಿದ ಸ್ಥಿತಿಯಲ್ಲಿ ಬರುತ್ತವೆ. ಮಾರುವಾಗ ಅಂಗಡಿಯಲ್ಲಿ ಆಸಿಡ್ ತುಂಬಿಸಿ, ಅರ್ಧ ಗಂಟೆಯಾದರೂ ಪ್ಲೇಟು ನೆನೆಯಲು ಬಿಟ್ಟು, ಆಮೇಲೆ ಕೆಲವು ಗಂಟೆ ಸಣ್ಣ ಕರೆಂಟಿನಲ್ಲಿ ಮೊದಲ ಚಾರ್ಜ್ ಕೊಡಬೇಕು. ಈ ಮೊದಲ ಚಾರ್ಜ್ ತಪ್ಪಿದರೆ ಬ್ಯಾಟರಿ ತನ್ನ ಪೂರ್ತಿ ಶಕ್ತಿಗೆ ಬರುವುದೇ ಇಲ್ಲ.

ನನಗೇ ಆಗಿದೆ. ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಹುಡುಗ ಆಸಿಡ್ ಸುರಿದು, ಮುಚ್ಚಳ ಒತ್ತಿ, ಹತ್ತು ನಿಮಿಷದಲ್ಲಿ ಕೂರಿಸಿ ಕಳಿಸಿದ. ಡಬ್ಬಿ ಇನ್ನೂ ಬೆಚ್ಚಗಿತ್ತು. ಸೆಲ್ಫ್ ಹೊಡೆದ ಖುಷಿಯಲ್ಲಿ ನಾನೂ ಕೇಳಲಿಲ್ಲ. ಎಂಟು ತಿಂಗಳಿಗೆ ಕೈಕೊಟ್ಟಿತು. ಈಗ ಹಿಂದಿನ ದಿನವೇ ದುಡ್ಡು ಕೊಟ್ಟು "ಚಾರ್ಜ್ ಮಾಡಿಡಿ, ನಾಳೆ ಬರ್ತೀನಿ" ಅನ್ನುತ್ತೇನೆ. ಫ್ಯಾಕ್ಟರಿಯಲ್ಲೇ ತುಂಬಿ ಸೀಲ್ ಮಾಡಿದ್ದಾದರೆ ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ. 12.5ಕ್ಕಿಂತ ಕಮ್ಮಿ ಇದ್ದರೆ ಕಪಾಟಿನಲ್ಲಿ ಬಹಳ ದಿನ ಕೂತಿದೆ, ಬೇರೆ ಕೇಳಿ.

3 ಎಎಚ್ ಇರೋ ಕಡೆ 5 ಎಎಚ್ ಹಾಕಿಸಿದರೆ ಸೆಲ್ಫ್ ಪವರ್ ಜಾಸ್ತಿ ಆಗುತ್ತಾ?

ಜಾಗಕ್ಕೆ ಹಿಡಿಸಿ, ಪ್ಲಸ್ ಮೈನಸ್ ಅದೇ ಬದಿಗಿದ್ದರೆ ಹಾಕಬಹುದು, ಗಾಡಿಗೆ ಏನೂ ಆಗದು. ಸ್ವಲ್ಪ ಹೆಚ್ಚು ಹೊತ್ತು ತಾಳುತ್ತದೆ. ಆದರೆ ಚಾರ್ಜ್ ಮಾಡುವ ಕಾಯಿಲ್ ಅದೇ ಹಳೆಯದು, ಖಾಲಿಯಾದರೆ ತುಂಬಲು ಹೆಚ್ಚು ಹೊತ್ತು ಬೇಕು. ಚಾರ್ಜಿಂಗ್ ತೊಂದರೆ ಮುಚ್ಚಿಡಲು ಇದನ್ನು ಮಾಡಿದರೆ ನಾಲ್ಕು ದಿನದ ಸಮಾಧಾನ ಅಷ್ಟೇ. ಕಮ್ಮಿ ಎಎಚ್ ಮಾತ್ರ ಎಂದೂ ಹಾಕಬೇಡಿ.

ಒಂದು ಬ್ಯಾಟರಿ ಎಷ್ಟು ವರ್ಷ ಬರಬೇಕು?

ಮೂರರಿಂದ ನಾಲ್ಕು. ಐದು ಬಂದರೆ ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ. ವಾರಂಟಿಯಲ್ಲಿ ಮೊದಲ ಭಾಗಕ್ಕೆ ಬದಲಿ ಪುಕ್ಕಟೆ, ಎರಡನೇ ಭಾಗಕ್ಕೆ ಬೆಲೆಯಲ್ಲಿ ಕಡಿತ ಮಾತ್ರ ಇರುವುದು ಸಾಮಾನ್ಯ. ಕಾರ್ಡಿನ ಮೇಲೆ ತಾರೀಖು, ಸೀಲ್ ಹಾಕಿಸಿಕೊಂಡು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಬ್ಯಾಟರಿ ಗುಜರಿಗೆ ಹಾಕಬೇಡಿ, ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು.

ಲಿಥಿಯಂ ಬ್ಯಾಟರಿ ಹಾಕಿಸಲಾ? ತೂಕ ಕಮ್ಮಿಯಂತೆ

ತೂಕ ನಿಜಕ್ಕೂ ಕಮ್ಮಿ, ಸುಮ್ನೆ ಇಟ್ಟರೆ ಇಳಿಯುವುದೂ ನಿಧಾನ. ಬೆಲೆ ಮಾತ್ರ ಹಲವು ಪಟ್ಟು. ಅದಕ್ಕೆ ಬೇರೆಯೇ ಚಾರ್ಜರ್ ಬೇಕು, ಆರ್‌ಆರ್ ಯುನಿಟ್ 15 ದಾಟಿಸುವ ಗಾಡಿಗೆ ಹಾಕಿದರೆ ಅಪಾಯ. ನಿಂತಾಗ ಅದರ ಅಳತೆ 13.2–13.4 ಇರುತ್ತದೆ, ಮೇಲೆ ಹೇಳಿದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಆಫೀಸಿಗೆ ಓಡಾಡುವ ಗಾಡಿಗೆ ಇದು ಶೋಕಿ ಅನ್ನುವುದು ನನ್ನ ಅಭಿಪ್ರಾಯ.

## ಹಳೆಯ ಗಾಡಿ, ಹಠಮಾರಿ ಗಾಡಿ

ಅಪ್ಪನ ಯೆಜ್ಡಿ ಎಬ್ಬಿಸ್ತಿದ್ದೀನಿ. 12 ವೋಲ್ಟ್ ಬ್ಯಾಟರಿ ಸಿಕ್ಕಿಸಬಹುದಾ?

ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ತಯಾರಿಸಿದ ಗಾಡಿಗಳಲ್ಲಿ ಹೆಚ್ಚಿನವು 6 ವೋಲ್ಟಿನವು. ನೇರವಾಗಿ 12 ಕೊಟ್ಟರೆ ಬಲ್ಬು, ಹಾರ್ನು, ಇಗ್ನಿಷನ್ ಕಾಯಿಲ್ ಎಲ್ಲಾ ಹೋಗುತ್ತವೆ. ಪೂರ್ತಿ 12ಕ್ಕೆ ಬದಲಾಯಿಸುವ ಕಿಟ್ ಹಾಕಿಸಬಹುದು. ಅದು ಸಿಕ್ಕುವವರೆಗೆ 6 ವೋಲ್ಟಿನದ್ದನ್ನೇ ಹಾಕಿ. ತುಂಬಿದ್ದರೆ ಮೀಟರಿನಲ್ಲಿ 6.3–6.4 ಬರಬೇಕು. ಕಿಕ್ಕರ್ರೇ ಗೇರ್ ಲಿವರ್ ಆಗುವ ಗಾಡಿ ಅದು, ಸೆಲ್ಫಿನ ಗೊಡವೆಯೇ ಇಲ್ಲ. ಪುಣ್ಯವಂತರು ನೀವು.

ಹಳೇ ಬುಲೆಟ್ಟಿನ ಆಮೀಟರ್ ಮುಳ್ಳು ಅಲ್ಲಾಡೋದೇ ಇಲ್ಲ. ಅದಕ್ಕೂ ಕಿಕ್ಕರ್ ವಾಪಸ್ ಹೊಡೆಯೋದಕ್ಕೂ ಸಂಬಂಧ ಇದೆಯಾ?

ಆಮೀಟರ್ ಅಂದರೆ ಬ್ಯಾಟರಿಗೆ ಕರೆಂಟ್ ಹೋಗುತ್ತಿದೆಯೋ ಬರುತ್ತಿದೆಯೋ ತೋರಿಸುವ ಮೀಟರ್. ಪಾಯಿಂಟ್ (ಕೂಡಿ ಬಿಟ್ಟು ಕಿಡಿ ಹೊಡೆಸುವ ಕಾಂಟ್ಯಾಕ್ಟ್) ಇರುವ ಹಳೆಯ ಬುಲೆಟ್ಟಿನಲ್ಲಿ ಖಂಡಿತ ಇದೆ. ಕೀ ಆನ್ ಮಾಡಿ ಕಿಕ್ಕರನ್ನು ಕೈಯಲ್ಲಿ ಅದುಮಿದ ಹಾಗೆ ಮೆಲ್ಲಗೆ ಕಾಲಿನಲ್ಲಿ ಅದುಮಿ. ಪಾಯಿಂಟ್ ಕೂಡಿರುವಾಗ ಮುಳ್ಳು ಮೈನಸ್ ಕಡೆಗೆ ವಾಲುತ್ತದೆ. ಪಾಯಿಂಟ್ ಬಿಟ್ಟುಕೊಂಡಾಗ ನಡುವಿಗೆ ಬರುತ್ತದೆ. ಪಿಸ್ಟನ್ ಮೇಲೆ ಬಂದಿದೆ ಅನ್ನುವುದಕ್ಕೆ ಅದೇ ಗುರುತು. ಅಲ್ಲಿ ನಿಲ್ಲಿಸಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಇನ್ನೊಂದು ಚೂರು ಕೆಳಗೆ ದಾಟಿಸಿ, ಲಿವರ್ ಬಿಟ್ಟು, ಕಿಕ್ಕರ್ ಮೇಲೆ ಬರಲು ಬಿಟ್ಟು, ಈಗ ಪೂರ್ತಿ ಒದೆಯಿರಿ. ಮೊಣಕಾಲು ಉಳಿಯುತ್ತದೆ. ಮುಳ್ಳು ಅಲ್ಲಾಡುತ್ತಲೇ ಇಲ್ಲವೆಂದರೆ ಪಾಯಿಂಟಿಗೆ ಕರೆಂಟ್ ಹೋಗುತ್ತಿಲ್ಲ. ಬ್ಯಾಟರಿ, ಫ್ಯೂಸ್, ಆಮೀಟರಿನ ಹಿಂದಿನ ವೈರು ಈ ಕ್ರಮದಲ್ಲಿ ನೋಡಿ.

ಬ್ಯಾಟರಿ, ರಿಲೇ, ಮೋಟರ್ ಬ್ರಷ್ ಎಲ್ಲಾ ಹೊಸದು. ಆದರೂ ಸೆಲ್ಫ್ ಉಸಿರುಗಟ್ಟಿದ ಹಾಗೆ ತಿರುಗುತ್ತೆ. ಇನ್ನೇನು ಉಳಿದಿದೆ?

ಅರ್ಥ್. ಬ್ಯಾಟರಿಯಿಂದ ಹೋದ ಕರೆಂಟ್ ವಾಪಸ್ ಬರುವ ದಾರಿ. ಇದನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಹೊರಗಿಂದ ವೈರ್ ಚೆನ್ನಾಗೇ ಕಾಣುತ್ತದೆ.

ಮೀಟರನ್ನು ಡಿಸಿ ವೋಲ್ಟಿಗೇ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಇಂಜಿನ್ನಿನ ಬರೀ ಲೋಹದ ಮೇಲೆ ಒತ್ತಿ ಹಿಡಿಯಿರಿ. ಸೆಲ್ಫ್ ಹೊಡೆಸಿ. ಎರಡೂ ಒಂದೇ ದಾರಿಯ ತುದಿಗಳು, ಹಾಗಾಗಿ ಸೊನ್ನೆಯ ಹತ್ತಿರ ಇರಬೇಕು. 0.2, 0.3 ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ನಡುವೆ ಎಲ್ಲೋ ಕರೆಂಟ್ ಸಿಕ್ಕಿಹಾಕಿಕೊಂಡಿದೆ. ಪ್ಲಸ್ ಕಡೆಯೂ ಹೀಗೇ ಮಾಡಬಹುದು: ಬ್ಯಾಟರಿ ಪ್ಲಸ್ಸಿಗೆ ಒಂದು ಕಡ್ಡಿ, ಸ್ಟಾರ್ಟರ್ ಮೋಟರಿನ ಬೋಲ್ಟಿಗೆ ಇನ್ನೊಂದು.

ನನ್ನ ಗಾಡಿಯಲ್ಲಿ 1.4 ವೋಲ್ಟ್ ಬಂತು. ಇಂಜಿನ್ ಹಿಂದೆ ಅರ್ಥ್ ವೈರ್ ಕಚ್ಚಿದ್ದ ಬೋಲ್ಟ್ ಬಿಚ್ಚಿದರೆ, ವಾಷರ್ ಅಡಿಯಲ್ಲಿ ಒಂದು ಪದರ ಕಪ್ಪು ಪೇಂಟ್, ಅದರ ಮೇಲೆ ತುಕ್ಕು. ಹಿಂದಿನ ವರ್ಷ ಚಾಸಿಸ್ ಪೇಂಟ್ ಮಾಡಿಸಿದಾಗ ಬಳಿದದ್ದು. ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. 0.1ಕ್ಕೆ ಇಳಿಯಿತು. ಅಷ್ಟರಲ್ಲಾಗಲೇ ಎರಡು ಬ್ಯಾಟರಿ, ಒಂದು ರಿಲೇ ಕೊಂಡಾಗಿತ್ತು. ಆ ಹಳೆಯ ರಿಲೇ ಈಗಲೂ ಟೂಲ್ ಬಾಕ್ಸಿನಲ್ಲಿದೆ, ಚೆನ್ನಾಗೇ ಕೆಲಸ ಮಾಡುತ್ತದೆ.